ಅಳೆಯದ ಕಾಲಂ

ಬೆನ್ನ ಹಿಂದೆ ನಾವೆಲ್ಲ ಅವರನ್ನು ತಕ್ಕಡಿ ಮೇಡಂ ಎನ್ನುತ್ತಿದ್ದೆವು. ಕ್ಯಾಂಟೀನಿನ ಸಕ್ಕರೆ ಪೊಟ್ಟಣವನ್ನು ಪ್ರಯೋಗಾಲಯದ ತಕ್ಕಡಿಯಲ್ಲಿಟ್ಟು, ಹನ್ನೆರಡು ಗ್ರಾಂ ಕಡಿಮೆ ಇದೆಯೆಂದು ಅಂಗಡಿಗೆ ವಾಪಸು ಕಳಿಸಿದ ಮಹಾತಾಯಿ ಅವರು. ಅವರ ಅಪ್ಪ ಮಾರುಕಟ್ಟೆಯ ತೂಕದ ಕಲ್ಲುಗಳಿಗೆ ಸರ್ಕಾರಿ ಮುದ್ರೆ ಒತ್ತುತ್ತಿದ್ದವರು. ಗಂಡ ದರ್ಜಿ. ಒಮ್ಮೆ ಪ್ಯಾಂಟು ಹೊಲಿಸಲು ಹೋದಾಗ ಆತ ನಗುತ್ತಾ ಹೇಳಿದ್ದ: "ಮದುವೆಯಾದ ವಾರಕ್ಕೇ ಇವಳು ನನ್ನ ಟೇಪನ್ನೇ ಅಳೆದಳು ಸ್ವಾಮಿ. ಅರ್ಧ ಸೆಂಟಿಮೀಟರ್ ಹಿಗ್ಗಿಹೋಗಿತ್ತಂತೆ! ಅಲ್ಲಿವರೆಗೂ ಊರಿಗೆಲ್ಲ ಬಿಗಿ ಅಂಗಿ ಹೊಲಿದುಕೊಟ್ಟಿದ್ದೆ ನಾನು."

ಬಾಹ್ಯಾಕಾಶಕ್ಕೆ ಹೋಗುವ ಕ್ಯಾಮೆರಾವನ್ನು ಆಮೇಲೆ ಯಾರೂ ಹತ್ತಿಹೋಗಿ ರಿಪೇರಿ ಮಾಡುವ ಹಾಗಿಲ್ಲ. ಚಳಿ ಏರಿದಂತೆ ಅದು ಬೆಳಕನ್ನು ಎಷ್ಟು ತಪ್ಪಾಗಿ ಹೇಳುತ್ತದೆ ಎಂಬುದನ್ನು ನೆಲದ ಮೇಲೆಯೇ ಅಳೆಯಬೇಕು. ಆ ತಪ್ಪನ್ನು ಕಳೆಯುವ ತಂತ್ರಾಂಶವನ್ನೂ ಅಂಕಿಗಳ ಫೈಲನ್ನೂ ಒಟ್ಟಿಗೆ ಒಪ್ಪಿಸಬೇಕು. ಮೇಡಂ ಇಪ್ಪತ್ತಾರು ವರ್ಷ ಮಾಡಿದ್ದು ಇದೊಂದೇ ಕೆಲಸ. ಪ್ರತಿ ಫೈಲಿನ ತಲೆಯಲ್ಲಿ 'ತಯಾರಿಸಿದವರು' ಎಂಬ ಸಾಲಿನಲ್ಲಿ ಅವರ ಹೆಸರಿರುತ್ತಿತ್ತು. ಎಲ್ಲೋ ದೂರದಲ್ಲಿ ಕೂತ ವಿಜ್ಞಾನಿಗಳು ಆ ಹೆಸರು ನೋಡಿದರೆ ಮತ್ತೆ ಪರೀಕ್ಷಿಸುತ್ತಿರಲಿಲ್ಲವಂತೆ.

ಈ ಸಲ ಒಪ್ಪಿಸುವ ದಿನ ಹತ್ತಿರವಾದಾಗ ಕ್ಯಾಮೆರಾವನ್ನು ಚಳಿಯಲ್ಲಿಟ್ಟು ಅಳೆಯುವ ನಮ್ಮ ಶೀತಲ ಪೆಟ್ಟಿಗೆ ಕೆಟ್ಟಿತು. ಮೈನಸ್ ಹತ್ತು ಡಿಗ್ರಿಯ ಅಳತೆ ಮುಗಿದಿತ್ತು, ಮೈನಸ್ ಇಪ್ಪತ್ತರದ್ದು ಆಗಿರಲಿಲ್ಲ. ಮುಖ್ಯಸ್ಥರು ನನ್ನನ್ನು ಕರೆದು, "ಹೇಗಾದ್ರೂ ಮಾಡಿ ಆ ಕಾಲಂ ತುಂಬಿಸ್ರೀ" ಎಂದರು. ತುಂಬಿಸಿದೆ. ಮೈನಸ್ ಹತ್ತರ ಅಂಕಿಗಳನ್ನೇ ನಕಲು ಮಾಡಿ, ಪ್ರತಿಯೊಂದರಿಂದಲೂ ಮೂವತ್ತೇಳು ಕಳೆದೆ. ಹತ್ತು ನಿಮಿಷದ ಕೆಲಸ. ನನಗೆ ಹೊಟ್ಟೆಪಾಡು, ಹೆಂಡತಿ ಮಕ್ಕಳು ಎಂದೆಲ್ಲ ಇಲ್ಲಿ ಕಥೆ ಹೊಡೆಯುವುದಿಲ್ಲ. ಬೈಸಿಕೊಳ್ಳುವುದು ಬೇಡವಾಗಿತ್ತು, ಅಷ್ಟೇ.

ಮೇಡಂ ಒಂದು ಕಾಲಮಿನಿಂದ ಇನ್ನೊಂದನ್ನು ಕಳೆದು ನೋಡಿದರು. ನಾನೂರ ಹನ್ನೆರಡು ಸಾಲಿಗೂ ಉತ್ತರ ಮೂವತ್ತೇಳೇ.

"ನಿಜವಾಗಿ ಅಳೆದರೆ ಒಂದು ಸಾಲಿಗೆ ಮೂವತ್ತೈದು ಬರುತ್ತೆ, ಇನ್ನೊಂದಕ್ಕೆ ನಲವತ್ತು ಬರುತ್ತೆ" ಎಂದರು ನನ್ನ ಮೇಜಿನ ಹತ್ತಿರ ಬಂದು. "ಇದನ್ನ ಯಾರು ಅಳೆದದ್ದು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಯಾರೂ ಕೇಳದ ಪ್ರಶ್ನೆಗೆ ಉತ್ತರ ಕೊಟ್ಟೆ: "ಸಾಹೇಬರೇ ತುಂಬಿಸಿ ಅಂದ್ರು ಮೇಡಂ."

ಅವರು ಬೈಯಲಿಲ್ಲ. ನೇರವಾಗಿ ಮುಖ್ಯಸ್ಥರ ಕೋಣೆಗೆ ಹೋಗಿ, ಪೆಟ್ಟಿಗೆ ರಿಪೇರಿ ಮಾಡಿಸಿ ಅಳೆಯಲು ಹತ್ತು ದಿನ ಕೇಳಿದರು. "ಅಯ್ಯೋ, ಈಗ ಫೈಲ್ ಹೋದ್ರೆ ಸಾಕು ಮೇಡಂ, ಮುಂದಿನ ಆವೃತ್ತೀಲಿ ಸರಿ ಮಾಡೋಣ" ಎಂದ ಆ ಮನುಷ್ಯ, ಚಹಾದಲ್ಲಿ ಬಿಸ್ಕತ್ತು ಅದ್ದುತ್ತಾ.

"ನನ್ನ ಹೆಸರಲ್ಲಿ ಸುಳ್ಳು ಅಂಕಿ ಹೋಗೋದಿಲ್ಲ ಸರ್" ಎಂದು ಮೇಡಂ ಎದ್ದು ಬಂದರು.

ಪ್ರತಿ ಅಂಕಿಯ ಪಕ್ಕದಲ್ಲಿ ಒಂದು ಗುರುತು ಇರುತ್ತದೆ: ಅಳೆದದ್ದಾದರೆ ಸೊನ್ನೆ, ಅಳೆಯದ್ದಾದರೆ ಒಂಬತ್ತು. ಮೇಡಂ ನಾನು ತುಂಬಿಸಿದ್ದ ಅಂಕಿಗಳನ್ನು ಅಳಿಸಿ, ನಾನೂರ ಹನ್ನೆರಡು ಸಾಲಿಗೂ ಒಂಬತ್ತು ಹಾಕಿದರು. ನಮ್ಮಲ್ಲಿ ಫೈಲನ್ನು ಪರೀಕ್ಷಿಸುವುದು ಇನ್ನೊಂದು ತಂತ್ರಾಂಶ. ಅದು ಹೆಸರು ಸರಿಯೇ, ಸಾಲು ಎಷ್ಟು, ಗುರುತಿನ ಜಾಗದಲ್ಲಿ ಅಂಕಿ ಇದೆಯೇ ಎಂದಷ್ಟೇ ನೋಡುತ್ತದೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ. ಹಸಿರು ದೀಪ ಬಂತು, ಫೈಲು ಹೋಯಿತು. ಮುಖ್ಯಸ್ಥ ಕೇಕು ಕತ್ತರಿಸಿದ. ಫೈಲನ್ನು ತೆರೆದೂ ನೋಡದ ಹದಿನೆಂಟು ಜನ ಕ್ರೀಮು ಮೆತ್ತಿದ ಬೆರಳು ನೆಕ್ಕುತ್ತಾ ಪರಸ್ಪರ ಬೆನ್ನು ತಟ್ಟಿಕೊಂಡರು. ನಾನು ಎರಡು ತುಂಡು ತಿಂದಿದ್ದೆ.

ಕ್ಯಾಮೆರಾ ಮೇಲೆ ಹೋಗಿ ನಾಲ್ಕು ತಿಂಗಳಿಗೆ ದೂರು ಬಂತು. ತೀರಾ ಚಳಿಯಲ್ಲಿ ತೆಗೆದ ಚಿತ್ರಗಳೆಲ್ಲ ಖಾಲಿ ಬರುತ್ತಿವೆ. ಬರಲೇಬೇಕು, ಒಂಬತ್ತು ಕಂಡಲ್ಲಿ ತಪ್ಪು ಕಳೆಯುವ ತಂತ್ರಾಂಶ ಖಾಲಿ ಬಿಡುತ್ತದೆ. ಸಭೆ ಕರೆದರು. ಮೇಲಿನಿಂದ ಬಂದ ಅಧಿಕಾರಿ ಕೇಳಿದ, "ಒಂಬತ್ತು ಹಾಕಿದ್ದು ಯಾರು?"

"ನಾನೇ. ಅಲ್ಲಿ ಅಳತೆ ಆಗಿರಲಿಲ್ಲ" ಎಂದರು ಮೇಡಂ.

"ಮೊದಲು ಅಲ್ಲಿ ಅಂಕಿಗಳಿದ್ವಂತಲ್ಲ? ಯಾರು ಕೊಟ್ಟಿದ್ದು?"

ಮೇಡಂ ನನ್ನ ಕಡೆ ನೋಡಲಿಲ್ಲ. ಮೇಜಿನ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ಕಾದರು. ಅದು ನನಗೆ ಕೊಟ್ಟ ಸಮಯ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ನಾನು ನೀರಿನ ಲೋಟ ಎತ್ತಿಕೊಂಡೆ. "ಅದೆಲ್ಲ ಈಗ ಯಾಕೆ ಬಿಡಿ ಸರ್" ಎಂದು ಮುಖ್ಯಸ್ಥ ಮಾತು ಮುಗಿಸಿದ.

ಮೇಡಂ ಅವರನ್ನು ಉಗ್ರಾಣಕ್ಕೆ ಹಾಕಿದರು, ಹಳೆಯ ಉಪಕರಣಗಳಿಗೆ ಚೀಟಿ ಅಂಟಿಸಲು. ಹೊಸ ಆವೃತ್ತಿಯ ಕೆಲಸ ನನ್ನ ಪಾಲಿಗೆ ಬಂತು. ಶೀತಲ ಪೆಟ್ಟಿಗೆ ಇನ್ನೂ ರಿಪೇರಿಯಾಗಿರಲಿಲ್ಲ.

"ನಿಮ್ಮ ಹಳೇ ಅಂಕಿಗಳೇ ಇವೆಯಲ್ರೀ, ಅವನ್ನೇ ಹಾಕಿ ಕಳಿಸಿ" ಎಂದ ಮುಖ್ಯಸ್ಥ.

ಹಾಕಿದೆ. ನಾನೂರ ಹನ್ನೆರಡು ಒಂಬತ್ತುಗಳನ್ನೂ ಸೊನ್ನೆ ಮಾಡಿದೆ. ಹಸಿರು ದೀಪ ಬಂತು. 'ತಯಾರಿಸಿದವರು' ಎಂಬಲ್ಲಿ ಮೇಡಂ ಹೆಸರು ಹಾಗೇ ಇತ್ತು. ಆ ಹೆಸರಿದ್ದರೆ ಯಾರೂ ಮತ್ತೆ ಪರೀಕ್ಷಿಸುವುದಿಲ್ಲ. ಅದನ್ನು ನಾನು ಅಳಿಸಲಿಲ್ಲ.