ಮೇಸ್ತ್ರಿಯ ಕೈ, ಕೊಂಬಿನ ಸೈಕಲ್ಲು

ತೊಡೆಯ ಮೇಲೆ ಸದಾ ಮಡಚಿಟ್ಟ ಕೆಂಪು ಚೌಕುಳಿ ಟವೆಲ್ಲು, ಅದರೊಳಗೆ ಎರಡೂ ಕೈ. ಮೂಗಿನ ಮೇಲೆ ನೊಣ ಕೂತರೂ ಆ ಕೈ ಈಚೆಗೆ ಬರುತ್ತಿರಲಿಲ್ಲ. ಮುಖ ಒದರಿ ಓಡಿಸುತ್ತಿದ್ದರು. ಮಧುಗಿರಿಯ ಅರ್ಧ ಊರಿನ ಸೈಕಲ್ಲುಗಳನ್ನು ರಿಪೇರಿ ಮಾಡಿದ ಮೇಸ್ತ್ರಿ ಹೀಗೆ ಬೀಗರ ಮನೆಗೆ ಬಂದವರ ಹಾಗೆ ಕೈಕಟ್ಟಿ ಕೂತಿರುವುದನ್ನು ಕಂಡು ಮೊದಲ ದಿನವೇ ನನಗೆ ಮೈಯೆಲ್ಲ ಉರಿದುಹೋಯಿತು.

ನನ್ನ ಸಿಟ್ಟಿನ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ದೊಡ್ಡೇರಿ ಕಡೆಯ ಶಾಲೆಯೊಂದರಲ್ಲಿ ನಾನು ಗಣಿತದ ಟೀಚರು. ಮಕ್ಕಳು ಬೆನ್ನ ಹಿಂದೆ ನನ್ನನ್ನು ಮೆಣಸಿನಕಾಯಿ ಮಿಸ್ ಎನ್ನುತ್ತಾರೆ, ತಪ್ಪೇನಿಲ್ಲ. ಹುಡುಗಿಯಾಗಿದ್ದಾಗ ಸಿದ್ದರಬೆಟ್ಟದ ದಾರಿಯಲ್ಲಿ ನಾಲ್ಕೈದು ಹುಡುಗರು ಸಪೂರ ಟೈರಿನ, ಟಗರಿನ ಕೊಂಬಿನಂತೆ ಬಾಗಿದ ಹ್ಯಾಂಡಲ್ಲಿನ ರೇಸ್ ಸೈಕಲ್ಲುಗಳ ಮೇಲೆ ಸುಯ್ಯೆಂದು ಹೋಗಿದ್ದರು. ದಣಿವಾರಿಸಿಕೊಳ್ಳಲು ನಿಂತಾಗ ಒಂದು ರೌಂಡು ಕೊಡ್ರೋ ಎಂದು ಕೇಳಿದ್ದೆ. ಅವರು ನಕ್ಕ ನಗು ಇಪ್ಪತ್ತೈದು ವರ್ಷ ನನ್ನ ಹೊಟ್ಟೆಯಲ್ಲಿ ಹಾಗೇ ಇತ್ತು.

ಶಿರಾದಲ್ಲಿ ಅಕ್ಕನ ಮನೆಗೆ ಹೋದವಳಿಗೆ ಗುಜರಿ ಅಂಗಡಿಯ ರಾಶಿಯಲ್ಲಿ ಅಂಥದ್ದೇ ಒಂದು ಕಂಡಿತು. ಚಕ್ರ ಇಲ್ಲ, ಸೀಟಿಲ್ಲ, ಚೈನಿಲ್ಲ. ಸಪೂರ ಉಕ್ಕಿನ ಫ್ರೇಮು, ತುಕ್ಕಿನ ಕೆಳಗೆ ಎಲ್ಲೋ ಒಂದಿಷ್ಟು ನೀಲಿ ಬಣ್ಣ, ಮುಂದೆ ಆ ಕೊಂಬು. "ಅಸಲಿ ಮಾಲು ಮೇಡಮ್, ಬೆರಳಲ್ಲಿ ಎತ್ತಿ ನೋಡಿ," ಎಂದರು ಗುಜರಿ ಸಾಹೇಬರು. ಎತ್ತಿದೆ. ಹೂವಿನಷ್ಟು ಹಗುರ ಎಂದರೆ ಸುಳ್ಳಾದೀತು, ನನ್ನ ವ್ಯಾನಿಟಿ ಬ್ಯಾಗಿಗಿಂತ ಸ್ವಲ್ಪ ಭಾರ. ಆ ವಾರವಷ್ಟೇ ನಮ್ಮ ಮಿಕ್ಸಿ ಸುಟ್ಟಿತ್ತು, ಹೊಸದಕ್ಕೆಂದು ಎತ್ತಿಟ್ಟ ದುಡ್ಡು ಪರ್ಸಿನಲ್ಲಿತ್ತು, ಅದರಲ್ಲೇ ಕೊಂಡೆ. ಸೈಕಲ್ಲು ಎದ್ದು ನಿಲ್ಲಬೇಕಾದರೆ ಅಷ್ಟರಲ್ಲೇ ನಿಲ್ಲಬೇಕು, ಒಂದು ಪೈಸೆ ಹೆಚ್ಚಿಗೆ ಇಲ್ಲ ಎಂದು ಬಸ್ಸಿನಲ್ಲೇ ತೀರ್ಮಾನಿಸಿದೆ. ನಮ್ಮನೆಯವರು ಫ್ರೇಮನ್ನೂ ನನ್ನನ್ನೂ ನೋಡಿ, "ಸರಿ, ಇದರಲ್ಲೇ ಚಟ್ನಿ ರುಬ್ಬು," ಎಂದರು. ಆಮೇಲೆ ಪಾಪ, ಒರಳುಕಲ್ಲಿನ ಮುಂದೆ ಅವರೇ ಕೂತರು.

ಮೇಸ್ತ್ರಿ ಫ್ರೇಮನ್ನು ನನ್ನ ಕೈಯಿಂದಲೇ ತಿರುಗಿಸಿ ತಿರುಗಿಸಿ ನೋಡಿದರು. ಕಿವಿ ಹತ್ತಿರ ಹಿಡಿಸಿ, ಸ್ಪ್ಯಾನರಿನಿಂದ ಬಡಿಸಿದರು. "ಬಿರುಕಿಲ್ಲ. ಚೆನ್ನಾಗೈತೆ," ಎಂದರು. ಇದನ್ನು ಕಟ್ಟಿಕೊಡಿ ಎಂದೆ.

"ನಾನು ಕೈ ಹಾಕಲ್ಲ ಟೀಚರಮ್ಮ. ಹೆಂಗೆ ಅಂತ ಹೇಳ್ತೀನಿ, ನೀವೇ ಮಾಡ್ಕಳಿ."

ಏನು ದಿಮಾಕು ಎಂದುಕೊಂಡೆ. ಆದರೆ ಹೀಗಾದರೆ ಕೂಲಿ ಉಳಿಯುತ್ತದಲ್ಲ ಎಂದು ಬಾಯಿ ಮುಚ್ಚಿಕೊಂಡೆ. ಪ್ರತಿ ಭಾನುವಾರ ಹಳೆಯ ಚೂಡಿದಾರ ಹಾಕಿಕೊಂಡು ಅಂಗಡಿಗೆ ಹೋಗಿ ನೆಲದ ಮೇಲೆ ಕೂರುತ್ತಿದ್ದೆ. ತುಕ್ಕು ಉಜ್ಜಿದೆ, ಸೀಮೆಎಣ್ಣೆಯಲ್ಲಿ ಬೇರಿಂಗಿನ ಬಾಲ್ಸು ತೊಳೆದೆ, ಗ್ರೀಸು ಮೆತ್ತಿದೆ. ಅವರು ಸ್ಟೂಲಿನ ಮೇಲಿಂದ ಗದ್ದದಲ್ಲೇ ತೋರಿಸುತ್ತಿದ್ದರು. "ಆ ಡಬ್ಬ. ಅದಲ್ಲ, ಹಾರ್ಲಿಕ್ಸ್ ಬಾಟ್ಲಿ ಪಕ್ಕದ್ದು." ಅಟ್ಟದಲ್ಲಿ ನೇತುಹಾಕಿದ್ದ ಹಳೆಯ ಸ್ಟೀಲ್ ರಿಮ್ಮುಗಳಲ್ಲಿ ಎರಡನ್ನು ಇಳಿಸಿಕೊಳ್ಳಿ ಎಂದರು. ಗೇರ್ ಹಾಕಿಸೋಣವೇ ಎಂದು ಕೇಳಿದ್ದಕ್ಕೆ, "ಗೇರು ಕಾಲಲ್ಲೈತೆ ಕಣಮ್ಮ, ಕಾಸ್ಯಾಕೆ ಖರ್ಚು ಮಾಡ್ತೀರಿ," ಎಂದರು.

ಮೂರನೆಯ ಭಾನುವಾರ ಮುಂದಿನ ಚಕ್ರ ಕಟ್ಟಲು ಕೂತೆ. ರಿಮ್ಮಿಗೂ ನಡುವಿನ ಹಬ್ಬಿಗೂ ಮೂವತ್ತೆರಡು ಕಡ್ಡಿ, ಒಂದರ ಮೇಲೊಂದು ಹಾಯಿಸಿ ಹೆಣೆಯಬೇಕು. ಗಣಿತದವಳಲ್ಲವೇ, ಕಾಗದದ ಮೇಲೆ ನಕ್ಷೆ ಬರೆದುಕೊಂಡು ಬಂದಿದ್ದೆ. ಬೆಳಿಗ್ಗೆಯಿಂದ ಮಧ್ಯಾಹ್ನದ ತನಕ ಹೆಣೆದೆ. ಮೇಸ್ತ್ರಿ ತುಟಿಪಿಟಕ್ಕೆನ್ನದೆ ನೋಡುತ್ತಿದ್ದರು. ಟ್ಯೂಬು, ಟೈರು ಎಲ್ಲ ಏರಿಸಿ ಎದ್ದು ನಿಂತಾಗ, "ಭೇಷ್! ಎಲ್ಲಿ, ಗಾಳಿ ಹೊಡೀರಿ ನೋಡಾನ," ಎಂದರು.

ಪಂಪಿನ ಮೂತಿ ಒಳಗೇ ಹೋಗಲಿಲ್ಲ. ಗಾಳಿ ತುಂಬುವ ವಾಲ್ವಿನ ಎದುರಿಗೇ ಸರಿಯಾಗಿ ಎರಡು ಕಡ್ಡಿ ಕತ್ತರಿ ಹಾಕಿಕೊಂಡು ನಿಂತಿದ್ದವು. ನಕ್ಷೆಯಲ್ಲಿ ವಾಲ್ವನ್ನೇ ಮರೆತಿದ್ದೆ. ಇಡೀ ಚಕ್ರ ಬಿಚ್ಚಿ ಮತ್ತೆ ಹೆಣೆಯದೆ ಗತಿಯಿಲ್ಲ.

"ನಿಮಗೆ ಯಾವಾಗ ಗೊತ್ತಾಯ್ತು?"

"ಎರಡ್ನೇ ಕಡ್ಡಿಗೇ."

"ಮತ್ತೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನಾಳಿಕ್ಕೆ ಮರ್ತ್‌ಬುಡ್ತಿದ್ರಿ. ಈಗ ನೋಡಿ, ಸಾಯೋಗಂಟ ಮರೆಯಲ್ಲ."

ಕೈಯಲ್ಲಿದ್ದ ಕಡ್ಡಿ ಬಿಗಿಯುವ ಕೀಲಿಯನ್ನು ನೆಲಕ್ಕೆ ಎಸೆದೆ. ನಿಮ್ಮ ಅಂಗಡಿಯೂ ಬೇಡ, ಸೈಕಲ್ಲೂ ಬೇಡ ಎಂದು ಬೀದಿಗೆ ಕೇಳುವಂತೆ ಕೂಗಾಡಿದೆ. ಮೂಗಿನ ತುದಿಗೆ ಗ್ರೀಸು ಬೇರೆ ಹತ್ತಿತ್ತಂತೆ. ಮೇಸ್ತ್ರಿಗೆ ನಗು ತಡೆಯಲಾಗಲಿಲ್ಲ. ಹೊಟ್ಟೆ ಕುಲುಕಿಸಿ ನಕ್ಕರು, ನಗುನಗುತ್ತಲೇ ಟವೆಲ್ಲು ಜಾರಿ ನೆಲಕ್ಕೆ ಬಿತ್ತು.

ಆಗ ಕಂಡವು ಕೈಗಳು. ಕುದಿಯುವ ಅನ್ನದ ಪಾತ್ರೆಯ ಮುಚ್ಚಳದಂತೆ ತಮ್ಮಷ್ಟಕ್ಕೆ ಅದುರುತ್ತಿದ್ದವು. ಅವರು ತಟ್ಟನೆ ನಗು ನಿಲ್ಲಿಸಿ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡರು. ನನ್ನ ಸಿಟ್ಟು ಎಲ್ಲಿ ಹೋಯಿತೋ ಕಾಣೆ. ಬಗ್ಗಿ ಕೀಲಿ ಎತ್ತಿಕೊಂಡು, ಮೊದಲ ಕಡ್ಡಿ ಬಿಚ್ಚತೊಡಗಿದೆ.

ಅಂಗಡಿಯ ಹಿಂದೆಯೇ ಅವರ ಮನೆ. ಕೈ ತೊಳೆಯಲು ನಲ್ಲಿಯ ಹತ್ತಿರ ಹೋದಾಗ ಅವರ ಹೆಂಡತಿ, ನಾವು ಅಜ್ಜಿ ಎನ್ನುತ್ತಿದ್ದವರು, ಮೆಲ್ಲಗೆ ಹೇಳಿದರು: "ನರದ ಕಾಯಿಲೆ ಕಣಮ್ಮ, ವರ್ಷಾಯ್ತು. ಸ್ಪ್ಯಾನರು ನಟ್ಟಿನ ಮೇಲೆ ಕೂರಲ್ಲ, ನಡೆದ್ರೆ ಕಾಲು ಎಳೀತೈತೆ. ಗಿರಾಕಿ ಒಬ್ರು ನೋಡಿ ಅಯ್ಯೋ ಪಾಪ ಅಂದ್‌ಬುಟ್ರು, ಆವತ್ತಿಂದ ಟವೆಲ್ಲು. ಸೈಕಲ್ ಹತ್ತೋದೂ ಬುಟ್ರು. ನಿಂದೊಂದು ಸೈಕಲ್ ಮುಗೀಲಿ, ಅಂಗಡಿ ಬಾಗಿಲು ಹಾಕ್ತೀನಿ ಅಂತವ್ರೆ. ಬಾಗಿಲು ಹಾಕಿದ್ರೆ ಈ ಮನುಷ್ಯ ಉಳಿಯಲ್ಲ, ನಂಗೊತ್ತು."

ವಾಪಸು ಬಂದು ಕೂತವಳ ಎದುರಿಗೆ ಅವರೇ ಟವೆಲ್ಲು ಪಕ್ಕಕ್ಕಿಟ್ಟರು. ಅಂದಿನಿಂದ ನೀವು ಹೋಗಿ ನೀನು ಬಂತು. ಎರಡನೆಯ ಸಲ ಹೆಣೆದ ಚಕ್ರದ ಬೆಂಡು ತೆಗೆಯುವಾಗ, ಚಕ್ರ ಹಿಡಿಯುವ ಮುಂದಿನ ಕವಲಿಗೊಂದು ಪೊರಕೆ ಕಡ್ಡಿ ಕಟ್ಟಿಸಿ, ಚಕ್ರ ತಿರುಗುವಾಗ ಎಲ್ಲಿ ತಾಗುತ್ತದೆ ನೋಡು ಎಂದರು. ಅದುರುವ ತಮ್ಮ ಕೈಯನ್ನು ನನ್ನ ಕೈಯ ಮೇಲೆ ಇಟ್ಟರು. "ಕಾಲು ಸುತ್ತು ಬಿಗಿ. ಸಾಕು. ಅದ್ರ ಎದುರುಗಡೇದು ಅಷ್ಟೇ ಸಡಿಲ ಬುಡು." ನಡುಕ ಅವರದ್ದು, ಅಳತೆಯೂ ಅವರದ್ದೇ. ಸಂಜೆಗೆ ಚಕ್ರ ಪೊರಕೆ ಕಡ್ಡಿಗೆ ತಾಗದೆ ತಿರುಗಿತು. ನಾನು ಕುಣಿದೇಬಿಟ್ಟೆ!

ಹೊಸ ಹ್ಯಾಂಡಲ್ ಟೇಪಿಗೆ ದುಡ್ಡು ಉಳಿಯಲಿಲ್ಲ. ನನ್ನ ಹಳೆಯ ನೂಲಿನ ಸೀರೆಯ ಅಂಚನ್ನು ಸೀಳಿ ಕೊಂಬಿಗೆ ಬಿಗಿಯಾಗಿ ಸುತ್ತಿದೆ. ಮೇಸ್ತ್ರಿ ತಮ್ಮ ಹಳೆಯ ಸೈಕಲ್ಲಿನ ಚರ್ಮದ ಸೀಟನ್ನೂ ಹಿತ್ತಾಳೆ ಬೆಲ್ಲನ್ನೂ ಬಿಚ್ಚಿಸಿ ಕೊಟ್ಟರು. ಸೀಟು ಕೊಟ್ಟದ್ದಕ್ಕೆ ನನಗೆ ಸಂತೋಷವಾಗಲಿಲ್ಲ. ಇನ್ನು ಹತ್ತುವುದಿಲ್ಲ ಎಂದು ನಿಶ್ಚಯಿಸಿದವರು ತಾನೇ ಸೀಟು ಕೊಡುವುದು.

ಸೈಕಲ್ಲು ಮುಗಿದ ಬೆಳಿಗ್ಗೆ ಅಂಗಡಿ ಮುಂದೆ ನಿಲ್ಲಿಸಿ ಹೇಳಿದೆ: "ಓಡಿಸಿ ನೋಡಿ ಕೊಡಿ."

"ನೀನೇ ಓಡ್ಸು."

"ತಾನು ಓಡಿಸಿ ನೋಡದ ಸೈಕಲ್ಲನ್ನ ಗಿರಾಕಿ ಕೈಗೆ ಕೊಡಲ್ಲ ಅಂತ ಇಷ್ಟು ವರ್ಷ ಊರಿಗೆಲ್ಲ ಹೇಳಿದ್ದು ಯಾರು? ನನಗೆ ಮಾತ್ರ ಹಂಗೇ ಕೊಡ್ತೀರಾ? ನಾನು ತಗೊಂಡು ಹೋಗಲ್ಲ."

"ಲೇ, ಬಿದ್ರೆ ಮೂಳೆ ಆರಿಸ್ಕೋಬೇಕು!"

"ಆರಿಸಿಕೊಳ್ತೀನಿ. ಗಣಿತದವಳು, ಒಂದೂ ಬಿಡಲ್ಲ."

ಅಜ್ಜಿ ಬಾಗಿಲಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದರು. ಮೇಸ್ತ್ರಿ ಪಂಚೆ ಎತ್ತಿ ಕಟ್ಟಿದರು. ಕಾಲು ಎಳೆದೆಳೆದು ನಡೆಯುತ್ತಿದ್ದ ಮನುಷ್ಯ, ಕಾಲು ಎತ್ತಿ ಆಚೆಗೆ ಹಾಕಲು ನಾನು ಹಿಡಿದುಕೊಳ್ಳಬೇಕಾಯಿತು. ಸೀಟು ಹಿಡಿದು ಪಕ್ಕದಲ್ಲಿ ಓಡಿದೆ. ಏನು ಹುಚ್ಚು ಕೆಲಸ ಮಾಡಿದೆ ಎಂದು ನನ್ನನ್ನೇ ಬೈದುಕೊಂಡೆ. ಹತ್ತು ಹೆಜ್ಜೆ, ಇಪ್ಪತ್ತು ಹೆಜ್ಜೆ. ಅಷ್ಟರಲ್ಲಿ ಸೀಟು ನನ್ನ ಕೈಯಿಂದ ತಪ್ಪಿಸಿಕೊಂಡು ಮುಂದೆ ಹೋಯಿತು.

ಸೀರೆಯಂಚು ಹಿಡಿದ ಆ ಕೈಗಳು ನಡುಗುತ್ತಿರಲಿಲ್ಲ. ಪೆಡಲು ಒಂದೇ ಸಮ ತಿರುಗುತ್ತಿತ್ತು. ಕೆಲವು ರೋಗಿಗಳಿಗೆ ಹೀಗಾಗುತ್ತದೆ, ನಡೆಯಲಾಗದವರೂ ಸೈಕಲ್ಲು ತುಳಿಯುತ್ತಾರೆ ಎಂದು ತುಮಕೂರಿನ ಡಾಕ್ಟರು ಆಮೇಲೆ ಹೇಳಿದರಂತೆ. ನಮಗೇನು ಗೊತ್ತು? ನಾನೂ ಅಜ್ಜಿಯೂ ಬಾಯಿ ತೆರೆದುಕೊಂಡು ನಿಂತಿದ್ದೆವು. ಬೀದಿಯ ಕೊನೆಯ ತಿರುವಿನಲ್ಲಿ ಅವರು ಕಣ್ಮರೆಯಾದರು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಟ್ರಿಣ್ ಟ್ರಿಣ್ ಎಂದು ಬೆಲ್ಲು ಕೇಳಿಸಿತು.

"ಬಿದ್ದಿಲ್ಲ ಕಣೇ ಅಂತ ಹೊಡೆದೆ," ಎಂದರು ವಾಪಸು ಬಂದು, ಹೆಂಡತಿಯ ಕಡೆ ತಿರುಗಿ. ಕಣ್ಣಲ್ಲಿ ನೀರಿತ್ತು, ಮುಖದಲ್ಲಿ ಆ ಹೊಟ್ಟೆ ಕುಲುಕುವ ನಗು. "ಚಕ್ರ ಚೆನ್ನಾಗ್ ಕಟ್ಟಿದ್ದೀಯ ಟೀಚರಮ್ಮ. ಹಿಂದಿನ ಬ್ರೇಕು ಮಾತ್ರ ಕತ್ತೆ ತರ ಕಿರುಚ್ತೈತೆ."

ಅಂಗಡಿ ಮುಚ್ಚಲಿಲ್ಲ. ಬೆಳಿಗ್ಗೆ ಎಂಟರವರೆಗೆ ಸೈಕಲ್ಲು ಅವರದ್ದು, ಆಮೇಲೆ ನನ್ನದು ಎಂದು ಒಪ್ಪಂದವಾಯಿತು. ಬಾಡಿಗೆಗೆಂದು ಅಜ್ಜಿ ತಮ್ಮ ಮನೆಯ ಮಿಕ್ಸಿಯನ್ನು ತಂದು ನಮ್ಮ ಅಡುಗೆಮನೆಯಲ್ಲಿಟ್ಟು, ಬೇಡವೆಂದರೂ ಕೇಳದೆ ಹೋದರು. ನಮ್ಮನೆಯವರು ಅದಕ್ಕೆ ಕುಂಕುಮ ಇಡುವುದೊಂದು ಬಾಕಿ. ಟವೆಲ್ಲು ಮೇಸ್ತ್ರಿಯ ಹೆಗಲೇರಿತು. ಕೈ ನಡುಗುತ್ತಲೇ ಇತ್ತು, ಗಿರಾಕಿಗಳ ಎದುರಿಗೇ ನಡುಗಿತು. ನಟ್ಟು ಬಿಗಿಯುವುದನ್ನು ಅವರವರ ಕೈಯಲ್ಲೇ ಮಾಡಿಸಿ, ತಪ್ಪಿದಾಗ ನಗುತ್ತಿದ್ದರು. ನಾನು ಒಂದು ರಜೆಯಲ್ಲಿ ಸಿದ್ದರಬೆಟ್ಟದ ತಪ್ಪಲಿನವರೆಗೂ ತುಳಿದು ಬಂದು ಹಳೆಯ ಬಾಕಿ ತೀರಿಸಿಕೊಂಡೆ. ಶಾಲೆಯಲ್ಲಿ ಈಗ ಮಗುವೊಂದು ಬೋರ್ಡಿನ ಮೇಲೆ ಎರಡನೆಯ ಸಾಲಿನಲ್ಲೇ ಲೆಕ್ಕ ತಪ್ಪಿದರೆ ನಾನು ಕೂಗುವುದಿಲ್ಲ. ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡು ಕೊನೆಯವರೆಗೂ ಕಾಯುತ್ತೇನೆ. ನಾಲಿಗೆ ಕಚ್ಚಿಕೊಂಡಿರುತ್ತೇನೆ ಅನ್ನುವುದು ಬೇರೆ ಮಾತು.

ಎರಡು ಚಳಿಗಾಲ ಅವರು ದಿನಾ ತುಳಿದರು. ಹೋದ ವರ್ಷ ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಆ ಬೆಳಿಗ್ಗೆಯೂ ಸೈಕಲ್ಲು ತುಳಿದಿದ್ದರು.

ತಿಥಿ ಮುಗಿದ ಮಾರನೆಯ ದಿನ ನಾನು ಮಿಕ್ಸಿಯನ್ನು ತೊಳೆದು ಒರೆಸಿ ಅಜ್ಜಿಯ ಮನೆಗೆ ಹೊತ್ತುಕೊಂಡು ಹೋದೆ. ಒಪ್ಪಂದ ಮುಗಿಯಿತಲ್ಲ. ಸೈಕಲ್ಲು ಅಂಗಡಿ ಮುಂದೆ ಒರೆಸಿ ನಿಲ್ಲಿಸಿತ್ತು.

"ಮಿಕ್ಸಿ ಯಾರ್ ಕೇಳಿದ್ರು ನಿನ್ನ?" ಎಂದು ಅಜ್ಜಿ ಗದರಿದರು. "ಅಲ್ಲಿಡು. ಹತ್ತು, ಹೋಗ್ಬಾ ಒಂದ್ಸಲ."

ಹತ್ತಿದೆ. ಬೀದಿ ಉದ್ದಕ್ಕೂ ಅವರ ಕಣ್ಣು ನನ್ನ ಬೆನ್ನ ಮೇಲಿರುವುದು ಗೊತ್ತಾಗುತ್ತಿತ್ತು. ತಿರುವು ದಾಟಿದೆ, ಅಜ್ಜಿಗೆ ನಾನು ಕಾಣದಾದೆ. ಅಳು ಒತ್ತರಿಸಿ ಬಂತು, ದಾರಿ ಮಸುಕಾಯಿತು. ಹಿಂದಿನಿಂದ ಆ ಮುದುಕಿಯ ಧ್ವನಿ ಬೀದಿಗೆಲ್ಲ ಕೇಳುವಂತೆ ಕೂಗಿತು:

"ಲೇ ಟೀಚರಮ್ಮ, ಬೆಲ್ ಹೊಡಿಯೇ!"

ಹೊಡೆದೆ.