ಡಿ ಡ್ರೈವಿನಲ್ಲಿದ್ದ ಪಾಠಗಳು

ಕಂಪ್ಯೂಟರಿನಲ್ಲಿ ವಿಂಡೋಸ್ ಬಿಟ್ಟು, ಪುಕ್ಕಟೆ ಸಿಗುವ ಲಿನಕ್ಸಿಗೆ ಬಂದ ಮೊದಲ ವರ್ಷ ನನ್ನ ಜೊತೆ ಕೂತು ಚಹಾ ಕುಡಿಯುವುದೇ ಜನರಿಗೆ ಶಿಕ್ಷೆಯಾಗಿತ್ತು. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ಅಂಧೇರಿಯ ಆಫೀಸಿನಲ್ಲಿ, ಲೋಕಲ್‌ನಲ್ಲಿ ಪಕ್ಕ ನಿಂತವರಿಗೆ, ಎಲ್ಲರಿಗೂ ಲಿನಕ್ಸ್ ಹಾಕಿಕೊಳ್ಳಿ ಎಂಬ ಅದೇ ಉಪದೇಶ. ಕಿವಿಗೊಟ್ಟವರು ವೈನಿ ಒಬ್ಬರೇ, ಘಾಟ್ಕೋಪರಿನಲ್ಲಿರುವ ನನ್ನ ಅಣ್ಣನ ಹೆಂಡತಿ.

ವೈನಿ ಧಾರವಾಡದವರು. ಭಾನುವಾರ ತಮ್ಮ ಬಿಲ್ಡಿಂಗಿನ ಕನ್ನಡ ಮಕ್ಕಳಿಗೆ ಪಾಠ ಹೇಳುತ್ತಾರೆ. ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುವ ಮಕ್ಕಳು. ಅವರಿಗೆ ಊರಿನ ಪುಸ್ತಕ ಹತ್ತುವುದಿಲ್ಲವೆಂದು ಪಾಠಗಳನ್ನು ತಾವೇ ಬರೆದು ಟೈಪ್ ಮಾಡಿದ್ದರು. ವಡಾಪಾವ್ ಅಂಗಡಿಯ ಮಾತುಕತೆ, ದಹಿಸರ್‌ನಲ್ಲಿ ಇಳಿಯುವುದನ್ನು ಮರೆತ ಅಜ್ಜಿ, ಹೀಗೆ ಆರು ವರ್ಷದ ಕೆಲಸ.

ಅವರ ಹಳೆಯ ಕಂಪ್ಯೂಟರಿಗೆ ವಿಂಡೋಸ್‌ನ ಹೊಸ ಆವೃತ್ತಿ ಹಿಡಿಸುತ್ತಿರಲಿಲ್ಲ. ಅಣ್ಣ ಹೊಸದು ತರುತ್ತೇನೆ ಎಂದ. ಇದಕ್ಕೇ ಲಿನಕ್ಸ್ ಹಾಕಿಕೊಡುತ್ತೇನೆ ಎಂದು ನಾನು ಬಿಡಲಿಲ್ಲ.

"ತಮ್ಮಾ, ಪಾಠ ಎಲ್ಲಾ ಡಿ ಡ್ರೈವಿನ್ಯಾಗ ಅವ. ಹೋಗಂಗಿಲ್ಲ ಹೌದಿಲ್ಲೋ?" ಎಂದು ಕೇಳಿದರು ವೈನಿ.

"ಡಿ ಡ್ರೈವ್ ಯಾರು ಮುಟ್ಟತಾರ್ರೀ ವೈನಿ!"

ನಮ್ಮ ಜನಕ್ಕೆ ಇದೊಂದು ನಂಬಿಕೆ. ರಿಪೇರಿಯವನು ಫಾರ್ಮ್ಯಾಟ್ ಮಾಡಿದರೆ ಸಿ ಡ್ರೈವ್ ಮಾತ್ರ ಹೋಗುತ್ತದೆ. ಡಿಯಲ್ಲಿಟ್ಟದ್ದು ಕಪಾಟಿನ ಒಳಖಾನೆಯಲ್ಲಿಟ್ಟಷ್ಟು ಭದ್ರ. ಮದುವೆಯ ಫೋಟೋ, ಮಕ್ಕಳ ಅಂಕಪಟ್ಟಿ, ಎಲ್ಲವೂ ಅಲ್ಲೇ. ಅವೆರಡೂ ಒಂದೇ ಡಿಸ್ಕಿನ ಎರಡು ಪಾಲು ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಬೇರೆ ಕಡೆ ಒಂದು ಪ್ರತಿ ತೆಗೆದಿಡಲಿಲ್ಲ. ಲಿನಕ್ಸ್ ಹಾಕುವಾಗ, ಇಡೀ ಡಿಸ್ಕ್ ಅಳಿಸಲೇ ಎಂದು ಅದು ಕೇಳಿತು. ಇದೆಲ್ಲ ಎಷ್ಟು ಸುಲಭ ನೋಡು ಎಂದು ಅಣ್ಣನಿಗೆ ಹೇಳುತ್ತ, ಓದದೇ ಹೌದು ಒತ್ತಿದೆ.

ಮುಗಿದ ಮೇಲೆ ತೆರೆದರೆ ಡಿ ಡ್ರೈವೇ ಇಲ್ಲ. ಅಳಿಸಿದ್ದನ್ನು ಮರಳಿ ತರಲು ಬಲ್ಲ ಉಪಾಯಗಳನ್ನೆಲ್ಲ ಮಾಡಿದೆ, ಒಂದು ಪಾಠವೂ ಸಿಗಲಿಲ್ಲ. ಅಡುಗೆಮನೆಗೆ ಹೋಗಿ, "ಡಿಸ್ಕ್ ಮೊದಲ ಕೆಟ್ಟಿತ್ತು ಕಾಣಸ್ತದರೀ ವೈನಿ. ಏನೂ ಉಳದಿಲ್ಲ" ಎಂದೆ.

ಅವರು ಒಲೆ ಸಣ್ಣ ಮಾಡಿದರು. "ನೀ ಏನ್ ಮಾಡ್ತಿ, ಪಾಪ. ಅವಲಕ್ಕಿ ತಿನ್ನು" ಎಂದರು. ತಿಂದೆ. ನಾಚಿಕೆಗೆಟ್ಟು ಎರಡನೇ ಸಲ ಹಾಕಿಸಿಕೊಂಡೆ ಕೂಡ.

ಮರುವಾರದಿಂದ ಅದೇ ಕಂಪ್ಯೂಟರಿನಲ್ಲಿ, ಅದೇ ಡಿಸ್ಕಿನಲ್ಲಿ, ಮೊದಲ ಪಾಠದಿಂದ ಮತ್ತೆ ಬರೆಯತೊಡಗಿದರು. ಇದರಲ್ಲೇ ಬರೆಯಿರಿ ಎಂದು ಲಿನಕ್ಸಿನಲ್ಲಿ ಕನ್ನಡ ಟೈಪ್ ಮಾಡುವುದನ್ನು ನಾನೇ ಕಲಿಸಿದೆ. ಮನೆಯಲ್ಲಿ ಯಾರಾದರೂ ಕಂಪ್ಯೂಟರ್ ಎಂದರೆ ಸಾಕು, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಆ ಪಾಡು ನನ್ನದು. ಒಂದು ವರ್ಷ ಹೀಗೇ ಕಳೆಯಿತು. ನಾನು ಹೇಡಿ, ಬೇರೆ ಮಾತಿಲ್ಲ.

ಹೋದ ತಿಂಗಳು ಅವರು ಆ ದಹಿಸರ್ ಅಜ್ಜಿಯ ಪಾಠ ನೆನಪಾಗದೆ ಒದ್ದಾಡುತ್ತಿದ್ದರು. ನೋಡಲಾಗಲಿಲ್ಲ. ಡಿಸ್ಕ್ ಕೆಟ್ಟಿರಲಿಲ್ಲ, ಅಳಿಸಿದವನು ನಾನೇ ಎಂದು ಹೇಳಿಬಿಟ್ಟೆ.

"ಗೊತ್ತದ" ಎಂದರು ವೈನಿ. "ಕೆಟ್ಟ ಡಿಸ್ಕ್ ಆಗಿದ್ರ, ಅದರಾಗ ಮತ್ತ ಬರೀರಿ ಅಂತಿದ್ದೇನು ನೀ?"

ಬರೆದಷ್ಟು ಪಾಠವನ್ನು ಉಳಿಸಿ ನನ್ನ ಕಡೆ ತಿರುಗಿದರು.

"ಅವತ್ತ ಹೇಳಿದ್ರ ಬೈದು ಬಿಟ್ಟುಬಿಡ್ತಿದ್ದೆ. ಪಾಠ ಇನ್ನೊಮ್ಮೆ ಬರೀಬಹುದು. ಒಂದ್ ವರ್ಷ ನಾ ನಿನ್ನ ಮುಂದ ಏನೂ ಗೊತ್ತಿಲ್ಲದಾಕಿ ಹಂಗ ಕುಂತೆ ನೋಡು, ಅದಕ್ಕೇನ್ ಮಾಡ್ತಿ?"