ಘಟ್ಟಕ್ಕೆ ಟೂರು

ಆಗುವುದಿಲ್ಲ ಎಂದು ಹೇಳಿದವರು ನಮ್ಮ ದೊಡ್ಡಪ್ಪ. ಜಗಲಿಯ ಮೇಲೆ ಕೂತು, ವೀಳ್ಯದೆಲೆಗೆ ಸುಣ್ಣ ಹಚ್ಚುತ್ತ, ನನ್ನ ಮುಖ ಕೂಡ ನೋಡದೆ ಹೇಳಿದರು.

"ಈ ಮನೆಯಿಂದ ಘಟ್ಟಕ್ಕೆ ಓದೋರೆಲ್ಲ ಕೂಲಿಗೇ ಓಗಿರೋದು. ಟೂರ್ಗೆ ಅಂತ ಯಾರೂ ಓಗಿಲ್ಲ. ನೀನೂ ಓಗಂಗಿಲ್ಲ ಕಣಮ್ಮಿ."

ನಮ್ಮ ಕಡೆಯ ಮಾತಿನಲ್ಲಿ 'ಹ' ಇಲ್ಲ. ಊರು ಬಿಟ್ಟು ಹೋದವಳೂ ಓದೋಳೇ, ಪುಸ್ತಕ ಹಿಡಿದವಳೂ ಓದೋಳೇ. ದೊಡ್ಡಪ್ಪನಿಗೆ ಇಬ್ಬರ ಮೇಲೂ ಒಂದೇ ಅನುಮಾನ.

ಘಟ್ಟ ಎಂದರೆ ನೀಲಗಿರಿ. ಬೇರೆಯವರಿಗೆ ಅದು ಊಟಿ, ಕೂನೂರು. ನಾನು ಹುಟ್ಟುವ ಮುಂಚೆ ಅಪ್ಪ ಅವ್ವ ಇಬ್ಬರೂ ನಾಲ್ಕು ವರ್ಷ ಅಲ್ಲಿನ ತೋಟದಲ್ಲಿ ಟೀ ಎಲೆ ಕೊಯ್ದಿದ್ದರು. ನಾನು ಹೊಟ್ಟೆಯಲ್ಲಿದ್ದಾಗ ವಾಪಸ್ಸು ಬಂದರು. ಆಮೇಲೆ ಹೊಲಕ್ಕೆ ನಾಲೆ ನೀರು ಬಂತು, ಹೊಲ ಗದ್ದೆಯಾಯಿತು, ಘಟ್ಟದ ಮಾತನ್ನು ಮನೆಯಲ್ಲಿ ಯಾರೂ ಎತ್ತದ ಹಾಗಾಯಿತು. ನೆಂಟರ ಮುಂದೆ ಆ ನಾಲ್ಕು ವರ್ಷ ನಡೆದೇ ಇಲ್ಲ ಎನ್ನುವಂತೆ ದೊಡ್ಡಪ್ಪ ನಡೆದುಕೊಳ್ಳುತ್ತಿದ್ದರು. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಅಪ್ಪ ತೀರಿಕೊಂಡರು. ಅಲ್ಲಿಂದ ಮನೆಯಲ್ಲಿ ನಡೆಯುವುದು ದೊಡ್ಡಪ್ಪನ ಮಾತೇ.

ಇದು ತೊಂಬತ್ತರ ದಶಕದ ನಡುವಿನ ಮಾತು. ಕವಲಂದೆಯ ಪಕ್ಕದ ನಮ್ಮೂರಿನಿಂದ ದಿನಾ ರೈಲಿನಲ್ಲಿ ನಂಜನಗೂಡಿಗೆ ಹೋಗಿ ಬಿ.ಎ. ಓದುತ್ತಿದ್ದೆ. ಕೊನೆಯ ವರ್ಷ. ನಮ್ಮ ಮನೆತನದಲ್ಲಿ ಎಸ್ಸೆಸ್ಸೆಲ್ಸಿ ದಾಟಿದವಳು ನಾನೊಬ್ಬಳೇ, ಗಂಡಸರನ್ನೂ ಸೇರಿಸಿ ಹೇಳುತ್ತಿದ್ದೇನೆ. ಭೂಗೋಳದ ಪ್ರಾಕ್ಟಿಕಲ್‌ಗೆ ಪ್ರವಾಸ ಮಾಡಿ ವರದಿ ಬರೆದು ಒಪ್ಪಿಸಬೇಕಾಗಿತ್ತು. ಹೋಗದವರ ವರದಿಗೆ ಮೇಷ್ಟ್ರ ಸಹಿ ಇಲ್ಲ, ಸಹಿ ಇಲ್ಲದೆ ಪ್ರಾಕ್ಟಿಕಲ್ ಇಲ್ಲ, ಪ್ರಾಕ್ಟಿಕಲ್ ಇಲ್ಲದೆ ಡಿಗ್ರಿ ಇಲ್ಲ. ಆ ವರ್ಷ ಗೊತ್ತು ಮಾಡಿದ್ದು ಊಟಿ, ಕೂನೂರು. ಎರಡು ರಾತ್ರಿ ಹೊರಗಡೆ. ಕ್ಲಾಸಿನಲ್ಲಿ ನಾವು ಹುಡುಗಿಯರು ಮೂರೇ ಜನ. ಹೆಂಗಸು ಮೇಷ್ಟ್ರು ಯಾರೂ ಇರಲಿಲ್ಲ. "ನಿಮ್ಮಲ್ಲಿ ಯಾರ ಮನೆಯಿಂದಾದರೂ ಹಿರೀ ಹೆಂಗಸೊಬ್ಬರು ಜೊತೆಗೆ ಬಂದರೆ ಮೂವರೂ ಬನ್ನಿ. ಇಲ್ಲ ಅಂದರೆ ಮುಂದಿನ ವರ್ಷದ ಬ್ಯಾಚಿನ ಜೊತೆ ನೋಡೋಣ" ಎಂದರು ಮೇಷ್ಟ್ರು. ಮುಂದಿನ ವರ್ಷ ನಾನು ಯಾರದೋ ಮನೆಯ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿರುತ್ತೇನೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

"ಓಗ್ದೆ ಇದ್ರೆ ಡಿಗ್ರಿ ನಿಂತೋಯ್ತದೆ ದೊಡ್ಡಪ್ಪ" ಎಂದೆ.

"ನಿಂತ್ಕಳ್ಳಿ. ನರಸೀಪುರದ ಕಡೆ ಸಂಬಂಧ ನೋಡ್ತಾ ಇವ್ನಿ. ಉಡುಗಿ ಮದ್ವೆಗ್ ಮುಂಚೇನೇ ಊಟಿ ನೋಡ್ಬುಟ್ಟವ್ಳೆ ಅಂದ್ರೆ ಕೇಳ್ದೋರು ಏನಂದಾರು? ಮದ್ವೆ ಆಗು. ಕಟ್ಕಂಡೋನು ಕರ್ಕಂಡ್ ಓಯ್ತನೆ."

"ಅವ್ನು ಕರ್ಕಂಡೋದ್ರೆ ಮೇಷ್ಟ್ರು ಸಹಿ ಆಕಲ್ಲ."

ಒಳಗೆ ರಾಗಿ ಕೇರುತ್ತಿದ್ದ ಮೊರದ ಸದ್ದು ನಿಂತಿತು. ಅವ್ವ ಬಾಗಿಲ ಹಿಂದಿನಿಂದಲೇ ಮಾತಾಡಿದಳು. "ಎಂಗ್ಸು ಬೇಕಂತಲ್ಲ. ನಾ ಓಯ್ತೀನಿ ಬುಡಿ ಬಾವ."

ದೊಡ್ಡಪ್ಪನ ಸುಣ್ಣದ ಬೆರಳು ಎಲೆಯ ಮೇಲೇ ನಿಂತುಬಿಟ್ಟಿತು. "ನೀನಾ? ಬುಟ್ ಬಂದಿರೋ ಜಾಗಕ್ಕೆ ತಿರ್ಗಾ ಓಯ್ತೀಯಾ? ಯಾರಾರ ಗುರ್ತು ಇಡುದ್ರೆ?"

"ಇಡೀಲಿ. ನಾನೇನ್ ಕದ್ಕಂಡ್ ಬಂದಿವ್ನಾ?"

ಅವರು ಹೂಂ ಎನ್ನಲಿಲ್ಲ. ನಾವು ಅವರ ಹೂಂಗೆ ಕಾಯಲೂ ಇಲ್ಲ.

ಕಾಲೇಜಿನಲ್ಲಿ ನಾನು ಈ ಪ್ರವಾಸದ ಬಗ್ಗೆ ಎಷ್ಟು ವಾದ ಮಾಡಿದ್ದೆನೆಂದರೆ, ಮೇಷ್ಟ್ರು ಸಾಕಾಗಿ, "ಇಷ್ಟು ಮಾತಾಡ್ತೀಯಲ್ಲ, ಪ್ಲಾನ್ ನೀನೇ ಹಾಕ್ಕೊಂಡು ಬಾ" ಎಂದಿದ್ದರು. ನನ್ನ ಬಾಯಿ ಮುಚ್ಚಿಸಲು ಹೇಳಿದ್ದೋ ಏನೋ. ನಾನು ಹೊಸ ನೋಟ್ ಬುಕ್ಕನ್ನೇ ತೆಗೆದೆ.

ಮಧ್ಯಾಹ್ನ ಹಿತ್ತಲಲ್ಲಿ ಅವ್ವನನ್ನು ಕೂರಿಸಿಕೊಂಡು ಪುಸ್ತಕದಲ್ಲಿದ್ದುದನ್ನು ಓದಿ ಹೇಳಿದೆ. ಸಮುದ್ರ ಮಟ್ಟದಿಂದ ಎಷ್ಟು ಎತ್ತರ, ಮಳೆ ಎಷ್ಟು, ಇಳಿಜಾರಿನಲ್ಲಿ ನೀರು ನಿಲ್ಲುವುದಿಲ್ಲವಾದ್ದರಿಂದ ಟೀ ಚೆನ್ನಾಗಿ ಬರುತ್ತದೆ, ಇತ್ಯಾದಿ.

"ನೀರೂ ನಿಲ್ಲಲ್ಲ, ಕಾಲೂ ನಿಲ್ಲಲ್ಲ" ಎಂದಳು ಅವ್ವ. "ಅದ ಬರ್ದವರಾ?"

ಬರೆದಿರಲಿಲ್ಲ. ಅಲ್ಲಿಂದ ಮುಂದೆ ಪುಸ್ತಕ ಮುಚ್ಚಿಟ್ಟು ಅವಳು ಹೇಳಿದ್ದನ್ನೇ ಬರೆದುಕೊಂಡೆ. ತೋಟ ನೋಡಲು ಬೆಳಿಗ್ಗೆ ಹೋಗಬಾರದು, ಮಂಜು ಬಿಡುವ ತನಕ ನಮ್ಮ ಕೈ ನಮಗೇ ಕಾಣುವುದಿಲ್ಲ. ಫ್ಯಾಕ್ಟರಿಗೆ ಮಧ್ಯಾಹ್ನದ ಮೇಲೆ ಹೋಗಬೇಕು, ಎಲೆ ತೂಕ ಹಾಕುವುದು ಆಗಲೇ. ಬಸ್ಸು ಗುಂಡ್ಲುಪೇಟೆ ದಾಟಿದರೆ ಬರೀ ಕಾಡು, ಹೆಂಗಸರು ಗುಂಡ್ಲುಪೇಟೆಯಲ್ಲೇ ಇಳಿದು ಬರಬೇಕು. ಘಟ್ಟದ ತಿರುವಿನಲ್ಲಿ ಹೊಟ್ಟೆ ತೊಳಸುತ್ತದೆ, ಆ ದಿನ ಯಾರೂ ಗಡದ್ದಾಗಿ ತಿನ್ನಬಾರದು. ಹುಡುಗಿಯರ ಮೂತ್ರದ ಯೋಚನೆ ಮಾಡಿದ ಪ್ರವಾಸದ ಪ್ಲಾನು ನಮ್ಮ ಕಾಲೇಜಿನಲ್ಲಿ ಅದೇ ಮೊದಲನೆಯದಿರಬೇಕು.

"ಊಟಿ ಕೆರೆ ಎಂಗದೆ ಅವ್ವ?"

"ಅದಂತೆ. ನೋಡಿಲ್ಲ."

"ನಾಕ್ ವರ್ಸ ಇದ್ದು?"

"ಭಾನ್ವಾರ ಬಟ್ಟೆ ಒಗೆಯಾದು, ಸೌದೆ ತರಾದು. ಕೆರೆ ನೋಡ್ಕಂಡ್ ಬಾ ಅಂತ ಯಾರು ಬುಟ್ಟಾರು?"

ಮೊದಲ ದಿನದ ಹಾಳೆಯ ನೆತ್ತಿಯ ಮೇಲೆ 'ಕೆರೆ' ಎಂದು ಬರೆದು ಎರಡು ಗೆರೆ ಎಳೆದೆ. ಸಿನಿಮಾ ಶೂಟಿಂಗ್ ನಡೆಯುವ ಬಯಲಿಗೇ ಮೊದಲು ಹೋಗಬೇಕೆಂದು ಕ್ಲಾಸಿನ ಹುಡುಗರು ಗಲಾಟೆ ಮಾಡಿದರು. ನಾನು ಬಗ್ಗಲಿಲ್ಲ. ಕೆರೆಯಲ್ಲಿ ಭೂಗೋಳ ಇದೆ, ಶೂಟಿಂಗಿನಲ್ಲಿ ಏನಿದೆ ಎಂದು ಕೇಳಿದೆ.

ಅವ್ವನ ಬೇಡಿಕೆ ಎರಡೇ. ಹೊಸ ಚಪ್ಪಲಿ, ಒಂದು ಛತ್ರಿ. ತೋಟದಲ್ಲಿ ಅವಳು ಬರಿಗಾಲಿನಲ್ಲಿ, ಸೊಂಟಕ್ಕೆ ಗೋಣಿತಾಟು ಸುತ್ತಿಕೊಂಡು ನಾಲ್ಕು ಮಳೆಗಾಲ ಕಳೆದವಳು. ಎರಡನ್ನೂ ಟಿ. ನರಸೀಪುರದಲ್ಲಿ ಕೊಂಡೆವು. ಅಲ್ಲಿಂದ ಅವಳ ತವರು ಹೆಮ್ಮಿಗೆಗೆ ಹೋಗಿ ಮಾವನ ಮನೆಯಲ್ಲಿ ಎರಡು ಸ್ವೆಟರು, ಒಂದು ಏರ್‌ಬ್ಯಾಗು ಕೇಳಿ ತಂದೆವು. ಮಾವನ ಹೆಂಡತಿ ಸ್ವೆಟರು ಕೊಡವುತ್ತ ಅವ್ವನ ಕಾಲೆಳೆದಳು.

"ಏನತ್ಗೆ, ಊಟಿಗಂತೆ? ಅನಿಮೂನಾ?"

"ಊಂ ಕಣೆ. ಗಂಡ ಓದ್ಮ್ಯಾಕೆ ಓಯ್ತಾ ಇವ್ನಿ. ದಾರೀಲಿ ಜಗಳ ಆಡೋರು ಯಾರೂ ಇರಲ್ಲ, ನೋಡು."

ಹೊರಡುವ ವಾರ ನೋಟೀಸ್ ಬೋರ್ಡಿಗೆ ಪಟ್ಟಿ ಹಾಕಿದರು. ಮೊದಲು ಅಧ್ಯಾಪಕರು, ಆಮೇಲೆ ವಿದ್ಯಾರ್ಥಿಗಳು, ಎಲ್ಲರಿಗಿಂತ ಕೆಳಗೆ 'ಆಯಾ - ಒಬ್ಬರು'. ನಾನು ಪೆನ್ನು ತೆಗೆದು 'ಆಯಾ' ಹೊಡೆದುಹಾಕಿ 'ಪೋಷಕರು' ಎಂದು ಬರೆದೆ. ಮಧ್ಯಾಹ್ನ ಮೇಷ್ಟ್ರು ಕರೆಸಿದರು.

"ನೋಟೀಸ್ ತಿದ್ದೋಕೆ ನೀನ್ಯಾರಮ್ಮ? ಒಂದು ಪದದಲ್ಲಿ ಏನಿದೆ?"

"ಏನೂ ಇಲ್ಲ ಅಂದ್ರೆ ನಾನು ಬರೆದಿರೋದೇ ಇರಲಿ ಸಾರ್."

ಅದೇ ಉಳಿಯಿತು.

ಹೊರಟ ದಿನ ದೊಡ್ಡಪ್ಪ ಹೊರಗೆ ಬರಲಿಲ್ಲ. ಕೆಮ್ಮಿದ್ದು ಮಾತ್ರ ಕೇಳಿಸಿತು. ಊಟಿಯ ಕೆರೆಯನ್ನು ಅವ್ವ ಅತ್ತಿಂದಿತ್ತ ನೋಡಿ, "ನಮ್ಮ ಕಪಿಲೆ ಒಳೆ ಮುಂದೆ ಇದೇನ್ ಮಾತು ಬುಡು" ಎಂದಳು. ಹಾಗೆಂದವಳು ಕಲ್ಲುಬೆಂಚಿನಿಂದ ಏಳಲೇ ಇಲ್ಲ. ಬಸ್ಸಿನವನು ಹಾರನ್ನು ಹೊಡೆದು ಹೊಡೆದು ಸುಸ್ತಾದ.

ಮಾರನೆಯ ದಿನ ಕೂನೂರಿನ ಕಡೆಯ ಒಂದು ತೋಟ. ಹುಡುಗರೆಲ್ಲ ಗಿಡಗಳ ನಡುವೆ ನುಗ್ಗಿ, ಬುಟ್ಟಿ ಬೆನ್ನಿಗೆ ಹಾಕಿಕೊಂಡು ಫೋಟೋ ತೆಗೆಸಿಕೊಂಡರು. ಮೇಷ್ಟ್ರಿಗೆ ಉತ್ಸಾಹ ಬಂತು. "ಬನ್ನಿ ಅಮ್ಮ, ನೀವೂ ಒಂದೆರಡು ಎಲೆ ಕಿತ್ತಂಗೆ ನಿಂತ್ಕೊಳ್ಳಿ. ರಿಪೋರ್ಟಿಗೆ ಚೆನ್ನಾಗಿರುತ್ತೆ."

ಅವ್ವ ಟಾರು ರಸ್ತೆಯ ಅಂಚಿನಲ್ಲಿ, ಹೊಸ ಚಪ್ಪಲಿಯಲ್ಲಿ, ಮಳೆ ಇಲ್ಲದಿದ್ದರೂ ಛತ್ರಿ ಬಿಚ್ಚಿಕೊಂಡು ನಿಂತಿದ್ದಳು. "ನೀವ್ ಕೀಳಿ ಸಾ. ನಾ ಟೂರಿಗ್ ಬಂದಿವ್ನಿ."

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಗಿಡದ ಕಡೆಗೆ ಅವಳು ಒಂದು ಹೆಜ್ಜೆಯನ್ನೂ ಇಡಲಿಲ್ಲ.

ಅವಳು ಹೇಳಿದಂತೆಯೇ ಮಧ್ಯಾಹ್ನದ ಮೇಲೆ ಫ್ಯಾಕ್ಟರಿಗೆ ಹೋದೆವು. ತೂಕದ ಸಾಲು ನಡೆಯುತ್ತಿತ್ತು. ಅಲ್ಲಿನ ಆಫೀಸರು ನಮಗೆ ಎಲ್ಲ ವಿವರಿಸಿ, ಏನಾದರೂ ಕೇಳುವುದಿದೆಯೇ ಎಂದರು. ಹಿಂದಿನಿಂದ ಅವ್ವ ಕೇಳಿದಳು.

"ನೀರಿಗೆ ಅಂತ ಈಗ್ಲೂ ತೂಕ ಮುರೀತೀರಾ ಸಾ?"

ಮಳೆಯಲ್ಲಿ ಕೊಯ್ದ ಎಲೆ ಒದ್ದೆಯಾಗಿರುತ್ತದೆ, ಆ ನೀರಿನ ಭಾರ ಎಂದು ಹೇಳಿ ಪ್ರತಿ ಬುಟ್ಟಿಯಲ್ಲೂ ಇಷ್ಟು ತೂಕ ಕಡಿಮೆ ಬರೆದುಕೊಳ್ಳುವುದು. ಅವಳು ಕೇಳಿದ್ದು ಅದನ್ನು.

"ನಿಮಗೆ ಹೇಗಮ್ಮ ಗೊತ್ತು?" ಎಂದರು ಆಫೀಸರು.

"ನಾಕ್ ವರ್ಸ ಮುರಿಸ್ಕಂಡಿವ್ನಿ. ಬಿಸ್ಲಲ್ಲಿ ಕೊಯ್ದಿದ್ಕೂ ಮುರಿಯೋರು."

ಅವರು ನಮ್ಮನ್ನು ಟೀ ಕುಡಿಯಲು ಕರೆದರು. ನನ್ನ ಕ್ಲಾಸಿನವರಿಗೆಲ್ಲ ನನ್ನವ್ವ ಯಾರೆಂದು ತಿಳಿದುಹೋಯಿತು. ದೊಡ್ಡಪ್ಪ ಇಷ್ಟು ವರ್ಷ ಹೆದರಿದ್ದು ಇದಕ್ಕೇ. ಆದದ್ದು ಇಷ್ಟೇ: ಒಬ್ಬ ಹುಡುಗ ತಾನು ಕೂತಿದ್ದ ಕುರ್ಚಿಯನ್ನು ಎಳೆದು ತಂದು ಅವ್ವನಿಗೆ ಹಾಕಿದ. ಅವಳು ಕೂತು ಟೀ ಕುಡಿದಳು. ಸಕ್ಕರೆ ಸಾಲದು ಎಂದಳು.

ಊರಿಗೆ ಬಂದು ವರದಿ ಬರೆದೆ. ಮಣ್ಣು, ಮಳೆ, ಇಳಿಜಾರು ಎಲ್ಲ ಮುಗಿದ ಮೇಲೆ 'ಕಾರ್ಮಿಕರು' ಎಂದು ಒಂದು ಭಾಗ ಮಾಡಿ, ಅವ್ವ ಹೇಳಿದ್ದನ್ನು ಬರೆದೆ. ನೀರಿನ ತೂಕ, ಗೋಣಿತಾಟು, ಭಾನುವಾರದ ಸೌದೆ. ಮೇಷ್ಟ್ರು ಆ ಪುಟಗಳನ್ನು ಬೆರಳಿನಿಂದ ಸರಿಸಿದರು.

"ಇದನ್ನ ತೆಗೆದುಬಿಡು. ಇದು ಭೂಗೋಳ ಅಲ್ಲ. ಹೊರಗಿನ ಪರೀಕ್ಷಕರು ಬರ್ತಾರೆ, ಫೇಲ್ ಮಾಡಿದರೆ ನನ್ನ ಕೇಳಬೇಡ."

"ತೆಗೆಯಲ್ಲ ಸಾರ್. ಟೂರಿಗೆ ಬಂದಿದೀನಿ ಅನ್ನೋದಕ್ಕೆ ಮಾತ್ರ ಸಹಿ ಮಾಡಿ ಸಾರ್. ಉಳಿದಿದ್ದು ನಾನು ನೋಡ್ಕೊತೀನಿ."

ಕೊನೆಗೆ ಅವರು ಸಹಿ ಮಾಡಿದರು. ನೋಡಿಕೊಳ್ಳುತ್ತೇನೆ ಎಂದು ಅಂದುಬಿಟ್ಟೆನಲ್ಲ, ಆಮೇಲೆ ಪರೀಕ್ಷೆಯ ತನಕ ನನಗೆ ಅನ್ನ ಸೇರಲಿಲ್ಲ. ಆ ಪುಟಗಳಿಗಾಗಿ ಡಿಗ್ರಿ ಕಳೆದುಕೊಂಡರೆ ದೊಡ್ಡಪ್ಪ ಗೆದ್ದ ಹಾಗೆ. ತೆಗೆದುಹಾಕಿದರೂ ಅವರೇ ಗೆದ್ದ ಹಾಗೆ. ನಾನು ತೆಗೆಯಲಿಲ್ಲ.

ಪರೀಕ್ಷಕರು ವಯಸ್ಸಾದವರು. ಆ ಭಾಗದಲ್ಲೇ ನಿಂತರು. "ಇದಕ್ಕೆ ಆಧಾರ ಯಾವ ಪುಸ್ತಕ?"

"ಪುಸ್ತಕ ಅಲ್ಲ ಸಾರ್. ನಮ್ಮವ್ವ."

ಕನ್ನಡಕದ ಮೇಲಿಂದ ನೋಡಿದರು. "ಅದನ್ನೇಕೆ ಕೆಳಗೆ ಬರೆದಿಲ್ಲ? ಆಧಾರ ಬರೀಬೇಕು ಅಂತ ನಿಮಗೆ ಹೇಳಿಕೊಟ್ಟಿಲ್ವಾ?" ಪೆನ್ನನ್ನು ನನ್ನ ಕಡೆ ತಳ್ಳಿದರು. ಪುಟದ ಕೆಳಗೆ ಅವ್ವನ ಹೆಸರು ಬರೆದೆ. ಆಮೇಲೆ ಅವರು ನಕ್ಷೆಯ ಮೇಲೆ ನಾಲ್ಕು ಪ್ರಶ್ನೆ ಕೇಳಿದರು, ಮೂರಕ್ಕೆ ಉತ್ತರ ಕೊಟ್ಟೆ, ಹೋಗು ಎಂದರು.

ಪಾಸಾದೆ. ಫಸ್ಟ್ ಕ್ಲಾಸ್ ಅಲ್ಲ, ಸೆಕೆಂಡ್ ಕ್ಲಾಸ್. ಆ ಸೆಕೆಂಡ್ ಕ್ಲಾಸನ್ನು ನಾನು ಯಾರ ಮುಂದೆಯೂ ಸಣ್ಣ ದನಿಯಲ್ಲಿ ಹೇಳಿದವಳಲ್ಲ.

ಡಿಗ್ರಿ ಸರ್ಟಿಫಿಕೇಟು ಕಾಲೇಜಿಗೆ ಬಂದಿದೆ ಎಂದು ತಿಳಿದಾಗ ಅವ್ವ ನಾಟಿಗೆ ಹೋಗಿದ್ದಳು. ದೊಡ್ಡಪ್ಪ ಗೊಬ್ಬರ ತರಲು ನಂಜನಗೂಡಿಗೆ ಹೊರಟಿದ್ದವರು, ನಾನು ಕರೆಯದಿದ್ದರೂ ನನ್ನ ಹಿಂದೆಯೇ ಕಾಲೇಜಿನ ಗೇಟಿನೊಳಗೆ ಬಂದರು. ಆಫೀಸಿನ ಕಿಟಕಿಯಲ್ಲಿ ಗುಮಾಸ್ತರು ಸಹಿ ಹಾಕಿಸಿಕೊಂಡು ಸರ್ಟಿಫಿಕೇಟನ್ನು ನನ್ನ ಕೈಗೆ ಕೊಟ್ಟರು. ನಾನು ಅದನ್ನು ದೊಡ್ಡಪ್ಪನ ಕೈಗೆ ಕೊಟ್ಟೆ. ಓದಲು ಬಾರದ ಅವರು ಟವಲಿನಲ್ಲಿ ಎರಡೂ ಕೈ ಒರೆಸಿಕೊಂಡು ಹಿಡಿದುಕೊಂಡರು. ಮುದ್ರೆಯನ್ನು ನೋಡಿದರು, ಕಾಗದವನ್ನು ಮಗುಚಿ ಹಿಂಭಾಗವನ್ನೂ ನೋಡಿದರು.

"ಇಂದ್ಗಡೆ ಪೂರಾ ಖಾಲಿ ಬುಟ್ಟವ್ರಲ್ಲಮ್ಮಿ" ಎಂದರು. "ಎಂಗೂ ಜಾಗ ಅದೆ. ಇನ್ನೊಂದ್ ಡಿಗ್ರಿ ಬರುಸ್ಕೊ."